ಬಲಗಡೆ ಖಾನೆಯ ಲಿನಕ್ಸ್

ಕೆಂಪು ದಾರ ಕಟ್ಟಿದ ಪೆನ್‌ಡ್ರೈವ್ ನೀವು ನೋಡಿದ್ದೀರೋ ಇಲ್ಲವೋ, ನಮ್ಮ ಮನೆಯಲ್ಲಿ ಒಂದಿದೆ. ಅಜ್ಜಿಯ ಉಡಿದಾರದ ಉಂಡೆಯಿಂದ ಕತ್ತರಿಸಿದ ದಾರ, ಮೂರು ಸುತ್ತು, ಮೂರು ಗಂಟು. ಮನೆಗೆ ಬಂದವರು ದೃಷ್ಟಿಯಾಗದಿರಲಿ ಅಂತ ಕಟ್ಟಿದ್ದೀರಾ ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಅಣೆಕಟ್ಟಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಬಂದವರಿಗೆ ಬಸ್ಸಿನ ಹೊತ್ತಾಗಿರುತ್ತದೆ. ನಿಮಗೆ ಹೊತ್ತಿದೆ ಅಂದುಕೊಂಡು ಹೇಳುತ್ತೇನೆ.

ನಾನು ದಿನಚರಿ ಬರೆಯುವವಳು. ಏಳನೇ ತರಗತಿಯಿಂದ ಒಂದು ದಿನವೂ ಬಿಟ್ಟಿಲ್ಲ. ಹಾಗೆಂದು ಅದರಲ್ಲಿ ಓದುವಂಥದ್ದೇನೂ ಇಲ್ಲ. ಎಷ್ಟು ಗಂಟೆಗೆ ಎದ್ದೆ, ಹಿರಿಯೂರಿನ ಬಸ್ಸು ಎಷ್ಟು ನಿಮಿಷ ತಡ ಮಾಡಿತು, ಎಷ್ಟು ಮುದ್ದೆ ಉಂಡೆ, ಬೀದಿಯ ಕೊನೆಯ ಮನೆಯ ನಾಯಿ ಈ ತಿಂಗಳಲ್ಲಿ ಎಷ್ಟನೇ ಸಲ ಅಟ್ಟಿಸಿಕೊಂಡು ಬಂತು, ಇಂಥವು. ಪುಟದ ಅಂಚಿನಲ್ಲಿ ಗೆರೆ ಎಳೆದು 'ಭಯ' ಎಂದು ಒಂದು ಕಾಲಂ ಮಾಡಿಕೊಂಡಿದ್ದೇನೆ. ಹತ್ತಕ್ಕೆ ಎಷ್ಟೆಂದು ಅಂಕ ಹಾಕುತ್ತೇನೆ. ನಾಯಿಗೆ ನಾಲ್ಕು. ಹಲ್ಲಿನ ಡಾಕ್ಟರಿಗೆ ಏಳು. ಹಿರಿಯೂರಿನ ಕಾಲೇಜೊಂದರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ ದಿನಕ್ಕೆ ಆರು. ಬೆಳಿಗ್ಗೆ ಎಣಿಸಿಟ್ಟ ಗಾಜಿನ ನಳಿಗೆಗಳು ಸಂಜೆಯೂ ಅಷ್ಟೇ ಇವೆಯೇ ಎಂದು ನೋಡುವುದು ಅಲ್ಲಿ ನನ್ನ ಕೆಲಸ. ನಲವತ್ತೆಂಟು ಇದ್ದದ್ದು ನಲವತ್ತೇಳಾದರೆ ನನಗೆ ಆ ದಿನ ಊಟ ಸೇರುವುದಿಲ್ಲ. ಹತ್ತಕ್ಕೆ ಹತ್ತು ಬಿದ್ದಿರುವುದು ಒಂದೇ ದಿನ. ಜೂನ್ ಎಂಟು, ಭಾನುವಾರ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲು.

ಈ ಎಣಿಕೆಯ ಚಟ ನನಗೆ ಅಪ್ಪನಿಂದ ಬಂತು. ಅಪ್ಪ ಮಾರಿಕಣಿವೆಯ ಅಣೆಕಟ್ಟಿನಲ್ಲಿ ಸೌಡಿಯಾಗಿದ್ದ. ಅಂದರೆ ತೂಬಿನ ಗೇಟು ಎತ್ತುವುದು, ಇಳಿಸುವುದು, ಕಾಲುವೆಗೆ ನೀರು ಬಿಡುವುದು. ದಿನಾ ಬೆಳಿಗ್ಗೆ ಕಟ್ಟೆಯ ಮೇಲಿನ ಅಳತೆಪಟ್ಟಿ ನೋಡಿ ನೀರು ಎಷ್ಟು ಅಡಿ ಇದೆ ಎಂದು ತನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಇಲಾಖೆಯ ರಿಜಿಸ್ಟರಿನಲ್ಲೂ ಆ ಅಂಕಿ ಇರುತ್ತದೆ, ಅದೇನು ದೊಡ್ಡದಲ್ಲ. ಅಪ್ಪನ ಪುಸ್ತಕದಲ್ಲಿ ಮೂರು ಕಾಲಂ ಇದ್ದವು: ತಾರೀಖು, ಮಟ್ಟ, ಷರಾ. ಷರಾ ಎಂದರೆ ಕಚೇರಿಯವರ ಭಾಷೆಯಲ್ಲಿ ಟಿಪ್ಪಣಿ. ರಿಜಿಸ್ಟರುಗಳಲ್ಲಿ ಆ ಕಾಲಂ ಯಾವಾಗಲೂ ಖಾಲಿ, ಅಪ್ಪನದರಲ್ಲಿ ಅದೇ ತುಂಬಿರುತ್ತಿತ್ತು. 'ಗಾಳಿ ಜೋರು. ತೆಪ್ಪ ಒಂದೇ.' 'ಐಮಂಗಲದ ಕಡೆಯವರು ತೆಂಗಿನಕಾಯಿ ನೀರಿಗೆ ಬಿಟ್ಟರು. ಕಾಯಿ ವಾಪಸು ಬಂತು.' 'ನೀರು ಹಸಿರಾಗಿದೆ. ಮೀನು ಸುಮ್ಮನಿವೆ.' 'ಮಗಳಿಗೆ ಜ್ವರ. ಅಳತೆ ಬೇಗ ನೋಡಿ ಬಂದೆ.'

ಇಂಥ ನೋಟ್‌ಬುಕ್ಕುಗಳು ಇಪ್ಪತ್ತಾರು ಇದ್ದವು. ಎರಡು ಬೇಸಿಗೆ ರಜೆ ಕೂತು ನಾನು ಅಷ್ಟನ್ನೂ ಲ್ಯಾಪ್‌ಟಾಪಿಗೆ ಟೈಪು ಮಾಡಿದೆ. ಮುಗಿದ ಮೂರನೇ ತಿಂಗಳಿಗೆ ಅಟ್ಟದ ಟ್ರಂಕು ಇಳಿಸಿ ನೋಡಿದರೆ ಇಪ್ಪತ್ತಾರೂ ಗೆದ್ದಲಿನ ಮಣ್ಣಾಗಿದ್ದವು. ಅಪ್ಪ ಒಂದು ಹಿಡಿ ಎತ್ತಿ ಮೂಸಿ ನೋಡಿ, "ನೀನು ಬರಕೊಂಡಿದ್ದು ಒಳ್ಳೇದಾತು ಬಿಡು" ಎಂದು ಹಿತ್ತಲಿಗೆ ಹೋದ. ಅವತ್ತಿನಿಂದ ಆ ಲ್ಯಾಪ್‌ಟಾಪು ನನಗೆ ಲ್ಯಾಪ್‌ಟಾಪಾಗಿ ಉಳಿಯಲಿಲ್ಲ. ಅದರ ಫ್ಯಾನು ಜೋರಾಗಿ ತಿರುಗಿದರೆ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಅದು ಹಳೆಯದು, ನಾನು ಕೊಳ್ಳುವಾಗಲೇ ಒಬ್ಬರು ಬಳಸಿ ಬಿಟ್ಟದ್ದು. ಹೋದ ವರ್ಷದಿಂದ ಪರದೆಯ ಮೇಲೆ ಎಚ್ಚರಿಕೆ ಬರತೊಡಗಿತು: ನಿಮ್ಮ ವಿಂಡೋಸಿಗೆ ಇನ್ನು ಬೆಂಬಲ ಇರುವುದಿಲ್ಲ, ಹೊಸದು ಈ ಯಂತ್ರದಲ್ಲಿ ಕೂರುವುದಿಲ್ಲ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಈ ಎಚ್ಚರಿಕೆ ಬಂದದ್ದು ಮೂವತ್ತೊಂದು ಸಲ. ಜೊತೆಗೆ ಯಂತ್ರ ನಿಂತುಬಿಡುವುದು ಶುರುವಾಯಿತು. ಆನ್ ಆಗಲು ಏಳು ನಿಮಿಷ, ಒಮ್ಮೊಮ್ಮೆ ಹನ್ನೊಂದು.

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಮ್ತಿಯಾಜ್ ಅಣ್ಣನ ಅಂಗಡಿ ಇದೆ. ಅವರ ತಾತ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ಅಪ್ಪ ರೇಡಿಯೊ, ಇವರು ಲ್ಯಾಪ್‌ಟಾಪು. ಮೇಜು ಅದೇ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೂ ಅದೇ. ನನ್ನ ಯಂತ್ರದ ಬೆನ್ನು ತಟ್ಟಿ, ವಿಂಡೋಸ್ ತೆಗೆದು ಇದಕ್ಕೆ ಲಿನಕ್ಸ್ ಹಾಕಮ್ಮ, ಇನ್ನೂ ಐದು ವರ್ಷ ಕಣ್ಣು ಮುಚ್ಚಿಕೊಂಡು ಓಡುತ್ತದೆ, ಕಾಸೂ ಇಲ್ಲ ಅಂದರು. ಯಾವ ಲಿನಕ್ಸ್ ಎಂದು ಕೇಳಿದೆ. ಅವರು ತಲೆ ಎತ್ತದೆ "ಯಾವುದಾದ್ರೂ" ಅಂದರು.

ಯಾವುದಾದ್ರೂ! ನನ್ನಂಥವಳಿಗೆ ಇದಕ್ಕಿಂತ ಭಯಂಕರ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಲಿನಕ್ಸ್ ಅಂದರೆ ಒಂದು ಅಂದುಕೊಂಡಿದ್ದೆ. ಮನೆಗೆ ಬಂದು ಹುಡುಕಿದರೆ ಅದು ನೂರಾರು. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಆರ್ಚ್. ಒಂದೊಂದಕ್ಕೂ ಒಳಗೆ ಮತ್ತೆ ಮೂರು ನಾಲ್ಕು ಮುಖ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತೆಗಳುತ್ತಾರೆ, ಮೂರನೆಯವರು ಬಂದು ಇಬ್ಬರಿಗೂ ಬುದ್ಧಿ ಇಲ್ಲ ಎನ್ನುತ್ತಾರೆ. ದಿನಚರಿಯ ಎರಡು ಪುಟ ಸೇರಿಸಿ ಕೋಷ್ಟಕ ಮಾಡಿದೆ. ಹದಿನಾಲ್ಕು ಲಿನಕ್ಸು, ಹದಿನೇಳು ಕಾಲಂ. ಹಳೆಯ ಯಂತ್ರದಲ್ಲಿ ಓಡುತ್ತದೆಯೇ, ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ಅಥವಾ ಬರೀ ಚೌಕ ಡಬ್ಬಿಗಳು ಕಾಣುತ್ತವೆಯೇ, ಕೆಟ್ಟರೆ ಯಾರನ್ನು ಕೇಳಬೇಕು. ಕೊನೆಯ ಕಾಲಂ: ಅಪ್ಪನ ಫೈಲು ಹೋದರೆ? ಅಲ್ಲಿ ಹದಿನಾಲ್ಕಕ್ಕೂ ಒಂದೇ ಪ್ರಶ್ನಾರ್ಥಕ ಚಿಹ್ನೆ.

ಮನೆಯಲ್ಲಿ ಇದರ ಬಗ್ಗೆ ಮಾತಾಡುವಾಗ ನಾನು ಕಲಿತ ಕನ್ನಡ ಪದವನ್ನೇ ಬಳಸಿದೆ. ಲಿನಕ್ಸಿನ ಒಂದೊಂದು ಬಗೆಗೆ ಕನ್ನಡದಲ್ಲಿ 'ವಿತರಣೆ' ಅನ್ನುತ್ತಾರೆ. ಅಜ್ಜಿ ಅಕ್ಕಿ ಆರಿಸುತ್ತಿದ್ದಳು, ಕೈ ನಿಲ್ಲಿಸಿದಳು.

"ವಿತರಣೆ ಯಾವತ್ತೈತೆ?"

"ಯಾವತ್ತೂ ಇರುತ್ತಜ್ಜಿ."

"ಪುಕ್ಕಟೆನಾ?"

"ಪುಕ್ಕಟೆ."

"ಮತ್ತೆ ಚೀಲ ತಗೊಂಡು ಹೋಗದು ಬಿಟ್ಟು ಇಲ್ಲಿ ಕುಂತು ಏನು ಬರೀತಿದ್ದೀಯ? ಮುಗಿದು ಹೋದ್ರೆ?"

ನಿಜಕ್ಕೂ ಒಳ್ಳೆಯ ಪ್ರಶ್ನೆ. ನಾನು ಬರೆಯುತ್ತಲೇ ಇದ್ದೆ. ಮಿಂಟ್ ಎಂದರೆ ಪುದೀನ ಎಂದು ಅಮ್ಮನಿಗೆ ಗೊತ್ತಿತ್ತು. ಹೊಟ್ಟೆಗೆ ತಂಪು, ಅದನ್ನೇ ಹಾಕು ಅಂದಳು. ಹದಿನೇಳು ಕಾಲಮ್ಮಿನಲ್ಲಿ ನಾನು ಕಂಡುಕೊಂಡದ್ದೂ ಹೆಚ್ಚುಕಮ್ಮಿ ಅಷ್ಟೇ: ಹೊಸಬರಿಗೆ ಅದು ಸೌಮ್ಯ. ಆದರೂ ಮನಸ್ಸು ಉಬುಂಟು ಎಂದು ಎಳೆಯುತ್ತಿತ್ತು, ಅದನ್ನು ಬಳಸುವವರು ಹೆಚ್ಚು, ಹೆಚ್ಚು ಜನ ಬಿದ್ದ ಹಳ್ಳದಲ್ಲಿ ಎತ್ತುವವರೂ ಹೆಚ್ಚಿರುತ್ತಾರೆ ಎಂಬ ಲೆಕ್ಕ. ನನ್ನ ಒದ್ದಾಟ ನೋಡಲಾರದೆ ಅಜ್ಜಿ ಒಂದು ಮಂಗಳವಾರ ಕಣಿವೆ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳಿ ಬಂದಳು. ಬಲಗಡೆ ಬಿದ್ದರೆ ಪುದೀನ, ಎಡಗಡೆ ಬಿದ್ದರೆ ಇನ್ನೊಂದು. ಯಾರ ಬಲ ಅಜ್ಜಿ, ನಿನ್ನದಾ ಮಾರಮ್ಮನದಾ ಎಂದು ಕೇಳಿದೆ. "ಅಮ್ಮನ ಬಲವೇ ಬಲ. ಎದುರಿಗೆ ನಿಂತೋರದ್ದು ಯಾರು ಕೇಳ್ತಾರೆ" ಅಂದಳು. ಹೂ ಮಾತ್ರ ನೇರ ಕೆಳಗೆ, ಪಾದದ ಮೇಲೆ ಬಿದ್ದಿತ್ತಂತೆ. ಆ ದಿನದ ಭಯ ಐದು.

ಎಡ ಬಲ ಎಂದಾಗ ಇನ್ನೊಂದು ಹೇಳಬೇಕು, ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಅಣೆಕಟ್ಟಿನವರ ಎಡಬಲವೂ ಮಾರಮ್ಮನದರಂತೆಯೇ. ನೀರಿಗೆ ಬೆನ್ನು ಹಾಕಿ, ನೀರು ಹರಿದುಹೋಗುವ ಕಡೆ ಮುಖ ಮಾಡಿ ನಿಂತಾಗ ಬಲಗೈಗೆ ಸಿಗುವುದು ಬಲದಂಡೆ ಕಾಲುವೆ, ಎಡಗೈಗೆ ಸಿಗುವುದು ಎಡದಂಡೆ. ಕೆಳಗೆ ನಿಂತು ಕಟ್ಟೆಯನ್ನು ನೋಡುವವರಿಗೆ ಅದು ತಿರುಗಾಮುರುಗಾ. ಅಪ್ಪ ಮೂವತ್ತು ವರ್ಷ ಈ ಲೆಕ್ಕದಲ್ಲೇ ಬದುಕಿ ಅದನ್ನು ಮನೆಗೂ ತಂದ. ನಮ್ಮ ಮನೆಯ ಬೀರು, ಮೇಜು, ಅಡುಗೆಮನೆಯ ಗೂಡು ಎಲ್ಲಕ್ಕೂ ಬೆನ್ನ ಹಿಂದೆ ನೀರಿದೆ. ಬಲಗಡೆ ಬಾಗಿಲು ತೆಗಿ ಎಂದರೆ ಬೀರುವಿನ ಬಲ, ನಮ್ಮ ಎಡ. ಹೊಸದುರ್ಗದ ಮಾವ ಮೊದಲ ಸಲ ಬಂದಾಗ ಅಪ್ಪ ಫೋನಿನಲ್ಲಿ "ಬೀದಿ ಒಳಗೆ ಬರ್ರಿ, ಬಲಗಡೆ ಮೂರನೇ ಮನೆ" ಎಂದು ಹೇಳಿದ್ದ. ಮಾವ ಎದುರು ಸಾಲಿನ ಮೂರನೇ ಮನೆಗೆ ಹೋಗಿ, ಅಲ್ಲಿಯವರು ಕುಂತ್ಕಳ್ರಿ ಎಂದದ್ದಕ್ಕೆ ಕೂತು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಅವರ ಮುದುಕರ ಮೊಣಕಾಲು ನೋವು ವಿಚಾರಿಸಿ, ನಲವತ್ತು ನಿಮಿಷದ ಮೇಲೆ ನಮ್ಮ ಮನೆಗೆ ಬಂದರು. ನಾನು ಒಂದನೇ ತರಗತಿಯಲ್ಲಿ ಡ್ರಿಲ್ ಮಾಡುವಾಗ 'ಬಲಕ್ಕೆ ತಿರುಗು' ಎಂದರೆ ಸಾಲೆಲ್ಲ ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ. ಎದುರಿಗಿದ್ದ ಹುಡುಗಿಯ ಮೂಗಿಗೆ ನನ್ನ ಮೂಗು ತಗಲಿದ್ದು ಇನ್ನೂ ನೆನಪಿದೆ.

ಆ ವಯಸ್ಸಿನಲ್ಲಿ ನನಗಿದ್ದ ದೊಡ್ಡ ಭಯ ಗೇಟು ಎತ್ತುವ ದಿನದ್ದು. ಅಪ್ಪ ಮೊದಲು ಕಾಲುವೆಯ ಏರಿಯ ಮೇಲೆ ಅಲ್ಲಲ್ಲಿ ಕೆಂಪು ಬಟ್ಟೆ ಕಟ್ಟಿಸುತ್ತಿದ್ದ. ಆಮೇಲೆ ನನ್ನ ಕೈ ಹಿಡಿದುಕೊಂಡು ಉದ್ದಕ್ಕೂ ನಡೆಯುತ್ತಿದ್ದ. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಒಣ ಕಾಲುವೆಯಲ್ಲಿ ಗೋಲಿ ಆಡುವವರು, ಒಬ್ಬೊಬ್ಬರನ್ನೂ ಮೇಲೆ ಹತ್ತಿಸಿ ಮೂರು ಸಲ ಸೀಟಿ ಊದುತ್ತಿದ್ದ. ವಾಪಸು ಬಂದು ಚಕ್ರಕ್ಕೆ ಕೈ ಹಾಕುವ ಮುಂಚೆ ಇನ್ನೊಂದು ಸಲ ಅದೇ ಮಾತು: "ಕಾಲುವೆಯಾಗೆ ಯಾರೂ ಇಲ್ಲ ತಾನೆ?" ನಾನು ಇಲ್ಲ ಅನ್ನಬೇಕು. ಆರು ವರ್ಷದವಳ 'ಇಲ್ಲ' ಕೇಳಿ ಅಪ್ಪ ಗೇಟು ಎತ್ತುತ್ತಿದ್ದ. ತಪ್ಪಿ ಒಬ್ಬರನ್ನು ಬಿಟ್ಟಿದ್ದರೆ ಎಂದು ನಾನು ಸಂಜೆಯವರೆಗೂ ನಡುಗುತ್ತಿದ್ದೆ.

ಈಗ ಜಗಳದ ವಿಷಯಕ್ಕೆ ಬರಬೇಕು. ಅಪ್ಪ ನಿವೃತ್ತನಾದ ಮೇಲೂ ದಿನಾ ಬೆಳಿಗ್ಗೆ ಕಟ್ಟೆಗೆ ಹೋಗುತ್ತಾನೆ, ಅಳತೆ ನೋಡುತ್ತಾನೆ, ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಗೆದ್ದಲಿನ ಪ್ರಸಂಗದ ನಂತರ ಕಾಗದದ ಮೇಲೆ ನಂಬಿಕೆ ಹೋಗಿ ನೇರ ಲ್ಯಾಪ್‌ಟಾಪಿನಲ್ಲೇ ಟೈಪು ಮಾಡತೊಡಗಿದ, ಒಂದೇ ಬೆರಳಿನಲ್ಲಿ. ಫೆಬ್ರವರಿ ಹನ್ನೊಂದರ ಮಧ್ಯಾಹ್ನ ಯಂತ್ರ ನಿಂತಿತು. ಅಪ್ಪ ಎಂಟರ್ ಗುಂಡಿಯನ್ನು ಗೇಟಿನ ಚಕ್ರದಂತೆ ಮತ್ತೆ ಮತ್ತೆ ಅದುಮಿದ. ಪರದೆ ಕಪ್ಪಾಯಿತು. ಮತ್ತೆ ಅದು ಹೊತ್ತುವವರೆಗಿನ ಹನ್ನೊಂದು ನಿಮಿಷದಲ್ಲಿ ನಾನು ಆಡಬಾರದ್ದನ್ನೆಲ್ಲ ಆಡಿದೆ. ನೀನು ಇದನ್ನು ಮುಟ್ಟಬೇಡಪ್ಪ ಅಂದೆ. ನಿನ್ನ ಲೆಕ್ಕವೇ ಉಲ್ಟಾ, ನಿನ್ನ ಎಡ ಯಾವುದು ಬಲ ಯಾವುದು ಒಂದೂ ಯಾರಿಗೂ ತಿಳಿಯುವುದಿಲ್ಲ ಅಂದೆ. ಫೈಲು ಹೋಗಿರಲಿಲ್ಲ. ಅಪ್ಪ ಮಾತ್ರ ಎದ್ದು ಹೋದ.

ಹನ್ನೊಂದು ದಿನ ಮಾತಿಲ್ಲ. ದಿನಚರಿಯಲ್ಲಿ ಲೆಕ್ಕವಿದೆ. ಹನ್ನೆರಡನೇ ದಿನ ಊಟಕ್ಕೆ ಕೂತಾಗ ಅಪ್ಪ ನನ್ನ ಕಡೆ ನೋಡದೆ ನೀರು ಎಷ್ಟು ಅಡಿ ಇದೆ ಎಂದು ಅಜ್ಜಿಗೆ ಹೇಳಿ, ಮುಂದುವರಿಸಿದ: "ಅವ್ವಾ, ಇವತ್ತು ನೀರು ಎರಡಿಂಚು ಇಳಿದೈತೆ. ಕೊಕ್ಕರೆ ಬಂದಾವೆ." ಅಜ್ಜಿಗೆ ಕಿವಿ ಮಂದ, ಕೊಕ್ಕರೆಯಿಂದ ಆಗಬೇಕಾದ್ದೂ ಏನಿಲ್ಲ. ನಾನು ಎಡಗೈಯಲ್ಲಿ ದಿನಚರಿ ಎಳೆದುಕೊಂಡು ಬರೆದುಕೊಂಡೆ. ಅಪ್ಪ ಅದನ್ನು ನೋಡಿದ. ಮಾರನೆಯ ದಿನದಿಂದ ಎಲ್ಲ ಮೊದಲಿನಂತೆ. ದಿನಾ ಊಟದ ಹೊತ್ತಿಗೆ ಮಟ್ಟ ಹೇಳುತ್ತಿದ್ದ, ಒಂದು ಷರಾ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಲ್ಯಾಪ್‌ಟಾಪನ್ನು ಮಾತ್ರ ಅವನು ಮುಟ್ಟಲಿಲ್ಲ. ನಾನೂ ಮುಟ್ಟು ಅನ್ನಲಿಲ್ಲ. ಮಧ್ಯಾಹ್ನ ಊರಿನ ಗ್ರಂಥಾಲಯಕ್ಕೆ ಹೋಗುತ್ತಿದ್ದ, ಪೇಪರ್ ಓದಲು ಅಂದುಕೊಂಡೆ.

ಇನ್ನು ಆ ಭಾನುವಾರ. ಮಿಂಟ್ ಎಂದು ನಿಶ್ಚಯಿಸಿಯಾಗಿತ್ತು. ನಿಶ್ಚಯಕ್ಕೆ ಕಾರಣ ಹದಿನೇಳು ಕಾಲಮ್ಮಲ್ಲ, ಲ್ಯಾಪ್‌ಟಾಪನ್ನು ಕಾಲೇಜಿಗೆ ಒಯ್ದು ಅಲ್ಲಿನ ಇಂಟರ್ನೆಟ್ಟಿನಲ್ಲಿ ಇಳಿಸಿಕೊಳ್ಳಲು ಕೂತ ದಿನ ಅದೊಂದೇ ಬಸ್ಸಿನ ಹೊತ್ತಿನೊಳಗೆ ಪೂರ್ತಿ ಇಳಿದದ್ದು. ಹಾಕುವ ಕೆಲಸವನ್ನು ಹದಿನಾಲ್ಕು ಹೆಜ್ಜೆಯಾಗಿ ಬರೆದುಕೊಂಡಿದ್ದೆ. ಎರಡು ಪೆನ್‌ಡ್ರೈವು, ಇಮ್ತಿಯಾಜ್ ಅಣ್ಣನ ಅಂಗಡಿಯಲ್ಲಿ ಒಟ್ಟಿಗೆ ಕೊಂಡದ್ದು, ಬಣ್ಣ ಆಕಾರ ಒಂದೇ. ಒಂದು ಅಪ್ಪನ ಅಂಗಿಯ ಜೇಬಿನಲ್ಲಿರುತ್ತಿತ್ತು, ಅದರಲ್ಲಿ ಫೈಲಿನ ನಕಲು. ಬೆಳಿಗ್ಗೆ ಅದನ್ನು ತೆಗೆದು ಮೇಜಿನ ಮೇಲಿಟ್ಟು, "ಇದರಾಗೆ ಎಲ್ಲಾ ಐತೆ, ಜ್ವಾಕೆ" ಅಂದ. ಇನ್ನೊಂದು ನನ್ನದು, ಲಿನಕ್ಸಿಗೆ. ಅದು ಖಾಲಿಯೇ ಎಂದು ಹಾಕಿ ನೋಡಿ, ಆರನೇ ಹೆಜ್ಜೆಯ ಮುಂದೆ ಸರಿ ಗುರುತು ಹಾಕಿದೆ. ಅಪ್ಪನದನ್ನು ಹಾಕಿ ನೋಡಲಿಲ್ಲ. ಅದು ಒಂಬತ್ತನೇ ಹೆಜ್ಜೆ, ಆರರಲ್ಲಿ ಒಂಬತ್ತನ್ನು ಮಾಡುವ ಜಾಯಮಾನ ನನ್ನದಲ್ಲ.

ಅಷ್ಟರಲ್ಲಿ ಅಮ್ಮ ನೀರು ಹಿಡಿಯಲು ಕರೆದಳು. ವಾಪಸು ಬಂದಾಗ ಮೇಜು ಖಾಲಿ. ಅಪ್ಪ ಬಚ್ಚಲಿನಿಂದ ಕೂಗಿ ಹೇಳಿದ: ನಿನ್ನ ಖಾಲಿಯದು ಬಲಗಡೆ ಖಾನೆಯಲ್ಲಿದೆ, ನನ್ನದು ಎಡಗಡೆ.

ನಾನು ನಕ್ಕೆ. ಈ ಮನೆಯಲ್ಲಿ ಹುಟ್ಟಿ ಬೆಳೆದವಳು, ಅಪ್ಪನ ಬಲ ನನಗೆ ಗೊತ್ತಿಲ್ಲವೇ? ಮೇಜಿನ ಬೆನ್ನ ಹಿಂದೆ ನೀರು, ಮೇಜಿನ ಬಲ ನನ್ನ ಎಡ. ನನ್ನ ಎಡಗಡೆ ಖಾನೆ ಎಳೆದೆ, ಪೆನ್‌ಡ್ರೈವ್ ತೆಗೆದೆ, ಸಿಕ್ಕಿಸಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳಿತು. ಖಾಲಿಯದರಲ್ಲಿ ಅಳಿಸಲು ಏನಿದೆ? ಹೂಂ ಅಂದೆ. ಭಯ ಮೂರು.

ಲಿನಕ್ಸ್ ಬರೆದಾಯಿತು. ಅದೇ ಪೆನ್‌ಡ್ರೈವಿನಿಂದ ಯಂತ್ರ ಹೊತ್ತಿಸಿದೆ. ಒಂದು ಒಳ್ಳೆಯ ಸಂಗತಿ ಏನೆಂದರೆ ಇದನ್ನು ಹಾಕುವ ಮುಂಚೆ ಒಂದಿಷ್ಟು ಹೊತ್ತು ಹಾಗೇ ಓಡಿಸಿ ನೋಡಬಹುದು, ಒಳಗಿನದು ಯಾವುದೂ ಅಲುಗುವುದಿಲ್ಲ. ಎರಡು ನಿಮಿಷಕ್ಕೆ ತಿಳಿಹಸಿರು ಪರದೆ ಬಂತು. ಫ್ಯಾನು ಸುಮ್ಮನಿತ್ತು. ಕನ್ನಡದ ಪುಟ ತೆರೆದೆ, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂತಿದ್ದವು. ಇಷ್ಟು ದಿನ ಹೆದರಿದ್ದು ಇದಕ್ಕಾ ಅನಿಸಿತು. ಹಾಕು ಎಂದು ಒತ್ತಿದೆ. ಅದು ಒಂದೊಂದೇ ಕೇಳುತ್ತಾ ಬಂದು ಒಂದು ಕಡೆ ನಿಂತಿತು: ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಾಕಲೇ? ಹಳೆಯದನ್ನೂ ಇಟ್ಟುಕೊಂಡು ಪಕ್ಕದಲ್ಲಿ ಹಾಕುವ ದಾರಿಯೂ ಇತ್ತು, ಆದರೆ ನನ್ನ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಅಳಿಸಲೇಬೇಕು.

ಬೆರಳು ಗುಂಡಿಯ ಮೇಲಿತ್ತು. ಅದುಮುವ ಮುಂಚೆ ಕಾಗದ ನೋಡಿದೆ. ಒಂಬತ್ತನೇ ಹೆಜ್ಜೆ: ನಕಲು ತೆರೆದು ನೋಡುವುದು. ಅಪ್ಪನ ಪೆನ್‌ಡ್ರೈವ್ ಇನ್ನೊಂದು ಖಾನೆಯಿಂದ ತೆಗೆದು ಸಿಕ್ಕಿಸಿದೆ.

ಖಾಲಿ.

ತೆಗೆದು ಮತ್ತೆ ಹಾಕಿದೆ. ಖಾಲಿ. ಹನ್ನೆರಡೂ ಮುಕ್ಕಾಲು. ಕಿವಿಯೊಳಗೆ ಸೀಟಿ ಊದಿದಂತಾಗುತ್ತಿತ್ತು. ಕಾಲುವೆಯ ತುಂಬ ಜನ ನಿಂತಿದ್ದರು, ನಾನು ಚಕ್ರಕ್ಕೆ ಕೈ ಹಾಕಿದ್ದೆ.

ಅಪ್ಪನನ್ನು ಕರೆದೆ. ತಲೆ ಒರೆಸಿಕೊಳ್ಳುತ್ತ ಬಂದ.

"ಖಾಲೀದು ಯಾವ ಕಡೆ ಇಟ್ಟಿದ್ದೆ?"

"ಬಲಗಡೆ. ಹೇಳಿದ್ನಲ್ಲ."

"ಯಾರ ಬಲ ಅಪ್ಪಾ?"

"ನಿಂದೇ ಕಣಮ್ಮ. ನಿನ್ ಲೆಕ್ಕದಾಗೆ ಇಟ್ಟೆ. ನನ್ನ ಲೆಕ್ಕ ಉಲ್ಟಾ ಅಂತ ನೀನೇ ಅಂದಿದ್ಯಲ್ಲ."

ಮೂವತ್ತು ವರ್ಷದ ಮೇಲೆ ಅಪ್ಪ ಒಂದೇ ಒಂದು ಸಲ ನೀರಿಗೆ ಮುಖ ಮಾಡಿ ನಿಂತಿದ್ದ, ನನಗೋಸ್ಕರ. ನಾನು ಅದೇ ದಿನ ಅವನಿಗೋಸ್ಕರ ಬೆನ್ನು ಹಾಕಿ ನಿಂತಿದ್ದೆ.

ಡಿಸ್ಕು ಇನ್ನೂ ಹಾಗೇ ಇತ್ತು. ಅಳಿಸುವ ಪರದೆಯನ್ನು ಮುಚ್ಚಿ, ಹಳೆಯ ಫೈಲು ಹುಡುಕಿ ತೆಗೆದೆ. ತೆಪ್ಪ, ವಾಪಸು ಬಂದ ಕಾಯಿ, ಸುಮ್ಮನಿದ್ದ ಮೀನು, ಎಲ್ಲ ಇದ್ದವು. ಖಾಲಿ ಪೆನ್‌ಡ್ರೈವಿಗೆ ನಕಲು ಮಾಡಿ ಉಸಿರು ಬಿಟ್ಟೆ. ಏನೂ ಹೋಗಿಲ್ಲಪ್ಪ, ಇಲ್ಲಿ ಎಲ್ಲಾ ಇದೆ ಎಂದೆ. ಅಪ್ಪ ಬಗ್ಗಿ ಕೊನೆಯ ಸಾಲು ನೋಡಿದ. ಫೆಬ್ರವರಿ ಹತ್ತು.

"ಆಮ್ಯಾಲಿಂದು?" ಅಂದ.

ಆಮೇಲಿನದು ಗ್ರಂಥಾಲಯದಲ್ಲಿತ್ತು. ಪೇಪರ್ ಓದಲು ಹೋಗುತ್ತಿದ್ದಾನೆ ಅಂದುಕೊಂಡಿದ್ದೆನಲ್ಲ, ಅಲ್ಲಿನ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಲ್ಲಿ ದಿನಾ ಟೈಪು ಮಾಡಿ ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡು ಬರುತ್ತಿದ್ದ. ನಾನು ಮುಟ್ಟಬೇಡ ಎಂದಿದ್ದೆ, ಅವನು ಮುಟ್ಟಿರಲಿಲ್ಲ. ಕಂಪ್ಯೂಟರಿಗೆ ಹೋಯಿತಲ್ಲ ಎಂದು ಚೀಟಿಗಳನ್ನು ಒಲೆಗೆ ಹಾಕಿದ್ದ. ಫೆಬ್ರವರಿ ಹನ್ನೊಂದರಿಂದ ಜೂನ್ ಏಳರವರೆಗೆ, ನೂರಾ ಹದಿನೇಳು ದಿನ.

ಮಾರನೆಯ ದಿನ ಇಮ್ತಿಯಾಜ್ ಅಣ್ಣನ ಮುಂದೆ ಆ ಪೆನ್‌ಡ್ರೈವ್ ಇಟ್ಟೆ. ಅರ್ಧ ದಿನ ಏನೇನೋ ಮಾಡಿ ನೋಡಿದರು. ಅದರ ಮೇಲೆ ಬೇರೆ ಬರೆದಾಗಿದೆ, ಅಡಿಯದು ಏಳುವುದಿಲ್ಲ ಅಂದರು. ನಾನು ಮುಖ ಸಣ್ಣ ಮಾಡಿಕೊಂಡು ನಿಂತಿದ್ದಕ್ಕೆ, "ನಮ್ಮ ತಾತ ಗಡಿಯಾರ ಸರಿ ಮಾಡಿ ಕೊಡೋರಮ್ಮ. ನಿಂತಿದ್ದಾಗ ಹೋದ ಟೈಮ್ ವಾಪಸ್ ಕೊಡ್ತಿರಲಿಲ್ಲ" ಅಂದರು. ಕಾಸು ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಕೂತು ಆ ಮಾತನ್ನು ಬರೆದುಕೊಳ್ಳಲು ದಿನಚರಿ ತೆಗೆದಾಗ ಹೊಳೆಯಿತು. ಇಷ್ಟು ಹೊತ್ತು ಚೀಲದಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದೆ. ಪುಟ ತಿರುವಿದೆ. ಮುದ್ದೆ ಒಂದು, ಬಸ್ಸು ಒಂಬತ್ತು ನಿಮಿಷ ತಡ, ಅದರ ಕೆಳಗೆ ಅಪ್ಪನ ಮಟ್ಟ, ಅಪ್ಪನ ಷರಾ. ನನ್ನ ಕೆಟ್ಟ ಅಕ್ಷರದಲ್ಲಿ, ಕೆಲವು ಕಡೆ ಸಾರಿನ ಕಲೆಯಡಿಯಲ್ಲಿ. ಊರು ಬರುವಷ್ಟರಲ್ಲಿ ಎರಡು ಸಲ ಎಣಿಸಿದೆ, ನೂರಾ ಆರು. ಹನ್ನೊಂದು ಕಡಿಮೆ. ಯಾವ ಹನ್ನೊಂದು ಎಂದು ಹುಡುಕಬೇಕಾಗಿರಲಿಲ್ಲ. ಆ ಪುಟಗಳಲ್ಲಿ ಅಳತೆಯ ಜಾಗದಲ್ಲಿ ನಾನೇ ಬರೆದಿದ್ದೆ: ಮಾತಿಲ್ಲ, ಮಾತಿಲ್ಲ, ಮಾತಿಲ್ಲ.

ಮುಂದಿನ ಭಾನುವಾರ ಲಿನಕ್ಸ್ ಹಾಕಿದೆವು. ನಕಲು ಮೂರು ಕಡೆ ಇತ್ತು, ಒಂದು ಇಮ್ತಿಯಾಜ್ ಅಣ್ಣನ ಅಂಗಡಿಯಲ್ಲಿ. ಅಪ್ಪ ಅಜ್ಜಿಯಿಂದ ದಾರ ಇಸಿದುಕೊಂಡು ತನ್ನ ಪೆನ್‌ಡ್ರೈವಿಗೆ ಕಟ್ಟಿದ. "ಇನ್ನು ಎಡ ಬಲ ಬ್ಯಾಡಮ್ಮ. ಕೆಂಪು ಅಂದ್ರೆ ಯಾವ ಕಡೆಯಿಂದ ನೋಡಿದ್ರೂ ಕೆಂಪೇ" ಅಂದ. ಅಳಿಸಲೇ ಎಂಬ ಪರದೆ ಬಂದಾಗ ನಾನು ಮತ್ತೆ ನಿಂತೆ. ಮೂರೂ ನಕಲು ಆ ಬೆಳಿಗ್ಗೆಯೇ ತೆರೆದು ನೋಡಿದ್ದೆ, ಆದರೂ ನಿಂತೆ.

"ಕಾಲುವೆಯಾಗೆ ಯಾರೂ ಇಲ್ಲ ತಾನೆ?" ಅಪ್ಪ ಹಿಂದಿನಿಂದ ಕೇಳಿದ.

ಇಲ್ಲ ಅಂದೆ. ಒತ್ತು ಎಂದು ಅವನ ಕೈಗೆ ಬಿಟ್ಟೆ. ಒಂದೇ ಬೆರಳು, ಒಂದೇ ಸಲ.

ಸಂಜೆ ಹೊಸ ಯಂತ್ರದಂತಿದ್ದ ಹಳೆಯ ಯಂತ್ರದಲ್ಲಿ ನೂರಾ ಆರು ಸಾಲು ಟೈಪು ಮಾಡಿದೆ. ಅಪ್ಪ ದಿನಚರಿ ಹಿಡಿದು ಓದಿ ಹೇಳುತ್ತಿದ್ದ, ನಡುವೆ ನಾನು ಎಷ್ಟು ಮುದ್ದೆ ಉಂಡೆ ಎಂಬುದನ್ನೂ ಓದಿ ನಗುತ್ತಿದ್ದ. ಫೆಬ್ರವರಿಯ ಹನ್ನೊಂದು ದಿನ ಉಳಿದವು. ಹತ್ತನೇ ತಾರೀಖಿನದೂ ಗೊತ್ತು, ಇಪ್ಪತ್ತೆರಡರದೂ ಗೊತ್ತು, ನಡುವಿನದನ್ನು ದಿನಕ್ಕಿಷ್ಟು ಇಳಿದಿರಬಹುದೆಂದು ಭಾಗ ಮಾಡಿ ತುಂಬಲೇ ಎಂದು ಕೇಳಿದೆ. ಅಪ್ಪನ ಮುಖ ಬಿಗಿಯಿತು.

"ಅಂದಾಜು ಬರೀಬ್ಯಾಡ. ಇಲಾಖೆ ರಿಜಿಸ್ಟರಿಂದೂ ಬ್ಯಾಡ, ಅದು ನಾನು ನೋಡಿ ಬರೆದಿದ್ದಲ್ಲ. ಗೊತ್ತಿಲ್ಲ ಅಂದ್ರೆ ಖಾಲಿ ಬಿಡು."

ಮಟ್ಟದ ಕಾಲಮ್ಮಿನಲ್ಲಿ ಹನ್ನೊಂದು ಅಡ್ಡಗೆರೆ ಹಾಕಿದೆ. ಷರಾ ಉಳಿಯಿತು. ಆ ದಿನಗಳಲ್ಲಿ ನೀನು ಏನು ಬರೆದಿದ್ದೆ, ಒಂದಾದರೂ ನೆನಪಿದೆಯೇ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ, ಆದರೂ ಕೇಳಿದೆ.

"ಎಲ್ಲಾ ನೆನಪೈತೆ. ಹನ್ನೊಂದು ದಿನಾನೂ ಒಂದೇ ಬರೆದಿದ್ದೆ."

"ಏನಂತ?"

ಅಪ್ಪ ದಿನಚರಿ ಮುಚ್ಚಿ ಮೇಜಿನ ಮೇಲಿಟ್ಟ. ಕಿಟಕಿಯ ಕಡೆ ನೋಡಿಕೊಂಡು ಹೇಳಿದ.

"ಮನೇಲಿ ಗೇಟು ಬಂದ್."

ಒಂದು ಸಲ ಬರೆದು ಉಳಿದ ಹತ್ತಕ್ಕೆ ನಕಲು ಹಾಕಬಹುದಿತ್ತು, ಅದು ಹೇಗೆಂದು ನನಗೆ ಗೊತ್ತಿತ್ತು. ಹಾಗೆ ಮಾಡಲಿಲ್ಲ. ಹನ್ನೊಂದು ಸಲವೂ ಒಂದೊಂದೇ ಅಕ್ಷರ ಒತ್ತಿ ಟೈಪು ಮಾಡಿದೆ, ಒಂದೇ ಬೆರಳಿನಲ್ಲಿ.